ತಿದ್ದಿದ ಮೂಗು, ತಿದ್ದದ ಮನಸ್ಸು

ಮಲೆ ಮಹದೇಶ್ವರ ಬೆಟ್ಟ ದಾಟಿ ಮೆಟ್ಟೂರಿನ ಕಡೆಗೆ ಇಳಿಯುವ ಬಸ್ಸು ಪಾಲಾರ್ ಹೊಳೆಯ ಬಳಿ ಬಂದರೆ ಕರ್ನಾಟಕದ ಗಡಿ ಮುಗಿಯುತ್ತದೆ. ಒಂದು ಚೆಕ್‌ಪೋಸ್ಟ್, ಸುತ್ತಲೂ ಕಾಡು. ಅಲ್ಲಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ಕೊಳ್ಳೇಗಾಲದಿಂದ ಹುಡುಗನ ಕಡೆಯ ಹೆಂಗಸರು ನೋಡಲು ಬಂದಿದ್ದಾರೆ. ಚಹಾ ಕುಡಿದರು, ಬಿಸ್ಕತ್ತು ತಿಂದರು, ಓದು-ಬರಹ ಕೇಳಿದರು. ಹೊರಡುವಾಗ ಹುಡುಗನ ಖಾಲಾ ಬಾಗಿಲ ಬಳಿ ಮೆಲ್ಲಗೆ ಹೇಳಿದರು: "ಹುಡುಗಿ ಎಲ್ಲಾ ಸರಿ. ಮೂಗು ಮಾತ್ರ ಸ್ವಲ್ಪ ಮೊಂಡು."

ಆ ಒಂದು ಮಾತು ಸಾಕು. ಹುಡುಗಿ ಅಂದಿನಿಂದ ಕನ್ನಡಿ ಬಿಟ್ಟು ಏಳುವುದಿಲ್ಲ. ಮೊಬೈಲಿನಲ್ಲಿ 'ಒಂದೇ ದಿನದಲ್ಲಿ ಸುಂದರ ಮೂಗು' ಎಂಬ ಜಾಹೀರಾತು ಕಾಣುತ್ತದೆ. ಅಮ್ಮಿಯ ಬಳೆ ಅಡವಿಗೆ ಹೋಗುತ್ತದೆ. ಬೆಟ್ಟ ಹತ್ತಿ ಇಳಿದು, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಪಟ್ಟಣದಲ್ಲಿ ಆಪರೇಷನ್ ಆಗುತ್ತದೆ. ಮೂರು ವಾರ ಕಳೆದ ಮೇಲೆ ಅದೇ ಕನ್ನಡಿಯ ಮುಂದೆ ಕುಳಿತು ಆಕೆ ಅಳುತ್ತಿದ್ದಾಳೆ: "ಇದು ನಾನು ಕೇಳಿದ ಮೂಗಲ್ಲ." ಅಮ್ಮಿ ಹೇಳುತ್ತಾರೆ, "ಚೆನ್ನಾಗಿಯೇ ಇದೆಯಲ್ಲ ಬೇಟಿ!" ಡಾಕ್ಟರು ಹೇಳುತ್ತಾರೆ, "ಆಪರೇಷನ್ ಸರಿಯಾಗಿಯೇ ಆಗಿದೆ."

ಇದು ನಾವು ಕಲ್ಪಿಸಿಕೊಂಡ ಮನೆ. ಆದರೆ ಆ ಖಾಲಾ ಹೇಳಿದಂಥ ಮಾತು ನೀವು ಕೇಳದ್ದೇನಲ್ಲ. ಈ ಮೂವರಲ್ಲಿ ಯಾರು ಸರಿ? ಮೂಗಿನ ಸೌಂದರ್ಯ ಚಿಕಿತ್ಸೆಯ ನಂತರ ಹುಟ್ಟುವ ಅಸಮಾಧಾನವನ್ನು ಬಿಡಿಸಿ ನೋಡಬೇಕಾದರೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೂಗು ಕಳೆದುಕೊಂಡವರು

ಮೂಗು ಎಂದರೆ ಮಾನ. 'ಮೂಗು ಮುರಿಯುವುದು' ಎಂದರೆ ತಿರಸ್ಕಾರ. ನಮ್ಮ ಭಾಷೆಯೇ ಹಾಗೆ ಹೇಳುತ್ತದೆ. ಹಿಂದಿನ ಕಾಲದ ಯುದ್ಧಗಳಲ್ಲಿ ಶತ್ರುವಿನ ಮಾನ ಕಳೆಯಲು ನಿಜವಾಗಿಯೂ ಮೂಗು ಕೊಯ್ಯುತ್ತಿದ್ದರು. 17ನೇ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ಸೈನ್ಯ ಘಟ್ಟ ಇಳಿದು ಸತ್ಯಮಂಗಲದ ಸೀಮೆಗೆ ನುಗ್ಗಿ ಜನರ ಮೂಗು ಕೊಯ್ಯಿತು. ಮಧುರೆಯ ತಿರುಮಲ ನಾಯಕನ ಕಡೆಯವರೂ ಅದೇ ರೀತಿ ಸೇಡು ತೀರಿಸಿಕೊಂಡರು. ಇತಿಹಾಸದಲ್ಲಿ ಇದಕ್ಕೆ 'ಮೂಗಿನ ಯುದ್ಧ' ಎಂದೇ ಹೆಸರು. ಇಂದಿನ ಪಾಲಾರ್, ಹನೂರಿನ ಕಾಡುಗಳಿಗೆ ಆ ಸತ್ಯಮಂಗಲದ ಸೀಮೆ ನೆರೆಯದೇ.

ಇನ್ನೊಂದು ಘಟನೆ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ದಾಖಲಾಗಿದೆ. ಮೂರನೇ ಮೈಸೂರು ಯುದ್ಧದಲ್ಲಿ, 1792ರಲ್ಲಿ, ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಮೈಸೂರು ಸೈನ್ಯದ ಕೈಗೆ ಸೆರೆಸಿಕ್ಕ. ಆತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಆತ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ನಾಟಿ ವೈದ್ಯ ಆತನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಬಿಚ್ಚಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಬುಡ ಉಳಿಸಿಕೊಂಡು ಕೆಳಕ್ಕೆ ತಿರುಗಿಸಿ ಕೂರಿಸಿದ. ಬುಡದಿಂದ ರಕ್ತ ಹರಿಯುತ್ತಿದ್ದುದರಿಂದ ಚರ್ಮ ಸಾಯಲಿಲ್ಲ. ಬೊಂಬಾಯಿಯ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ನೋಡಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝಿನ್' ಚಿತ್ರ ಸಮೇತ ಈ ವರದಿ ಪ್ರಕಟಿಸಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಬಗೆಯ ಚಿಕಿತ್ಸೆ ಮಾಡಿದ. ಇಂದು ಜಗತ್ತಿನಲ್ಲೆಲ್ಲ ನಡೆಯುವ ಮೂಗಿನ ಪ್ಲಾಸ್ಟಿಕ್ ಸರ್ಜರಿಯ ಒಂದು ಬೇರು ನಮ್ಮ ಮೈಸೂರು ಯುದ್ಧದ ಈ ಗಾಡಿಯವನ ಮುಖದಲ್ಲಿದೆ.

ಕಾವಸಜಿಗೆ ಸಂಪಿಗೆಯಂಥ ಮೂಗು ಬೇಕಿರಲಿಲ್ಲ. ಹಣೆಯ ಮೇಲೆ ಗಾಯದ ಕಲೆ ಉಳಿಯಿತು. ಆದರೂ ಆತನಿಗೆ ಜನರ ನಡುವೆ ತಲೆ ಎತ್ತಿ ನಡೆಯುವ ಮುಖ ಮರಳಿ ಸಿಕ್ಕಿತ್ತು. ಇಲ್ಲದ ಮೂಗು ಬಂದಾಗ ಚಿಕ್ಕ ಕೊರತೆ ಕಾಣುವುದಿಲ್ಲ. ಇದ್ದ ಮೂಗನ್ನು ತಿದ್ದಿಸಿಕೊಂಡಾಗ ಕೂದಲೆಳೆಯ ಕೊರತೆಯೂ ಬೆಟ್ಟವಾಗಿ ಕಾಣುತ್ತದೆ. ಬರೀ ಅಂದಕ್ಕಾಗಿ ಮೂಗನ್ನು ಕೊಯ್ಯುವ ವಿದ್ಯೆ ಬೆಳೆದದ್ದು ತೀರಾ ಈಚೆಗೆ, 19ನೇ ಶತಮಾನದ ಕೊನೆಯಲ್ಲಿ. ಅಮೆರಿಕದ ಜಾನ್ ರೋ 1887ರಲ್ಲೂ ಬರ್ಲಿನ್ನಿನ ಜಾಕ್ ಜೋಸೆಫ್ 1898ರಲ್ಲೂ ಅದಕ್ಕೆ ದಾರಿ ಹಾಕಿದರು.

ಬೆಳ್ಳಿಯ ಮೂಗು, ಚಿನ್ನದ ಮೂಗು

ಮೂಗಿನ ಚಿಕಿತ್ಸೆ ಕೈಕೊಟ್ಟಾಗ ಏನು ಮಾಡಬೇಕೆಂಬುದಕ್ಕೆ ನಮ್ಮ ಹದೀಸ್ ಗ್ರಂಥಗಳಲ್ಲೇ ಒಂದು ಉದಾಹರಣೆ ಇದೆ. ಅರ್ಫಜಾ ಬಿನ್ ಅಸ್‌ಅದ್(ರ) ಎಂಬ ಸಹಾಬಿಯ ಮೂಗು ಇಸ್ಲಾಮಿಗೆ ಮುಂಚಿನ ಕುಲಾಬ್ ಯುದ್ಧದಲ್ಲಿ ಕತ್ತರಿಸಿ ಹೋಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿ(ಸ)ಯವರು ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಈ ವರದಿ ಇದೆ.

ಗಂಡಸರಿಗೆ ಚಿನ್ನ ನಿಷಿದ್ಧ ಎಂಬುದು ನಿಮಗೆ ಗೊತ್ತು. ಆದರೂ ಇಲ್ಲಿ ಅನುಮತಿ ಸಿಕ್ಕಿತು. ಮೊದಲ ಚಿಕಿತ್ಸೆ ಸರಿಹೋಗದಿದ್ದವರಿಗೆ 'ಬಂದದ್ದನ್ನು ಅನುಭವಿಸು' ಎನ್ನಲಿಲ್ಲ, ಎರಡನೆಯ ಚಿಕಿತ್ಸೆಯ ದಾರಿ ತೋರಿಸಲಾಯಿತು. ಈ ವರದಿಯನ್ನು ಆಧಾರವಾಗಿಟ್ಟುಕೊಂಡೇ ವಿದ್ವಾಂಸರು ಚಿಕಿತ್ಸೆಯನ್ನೂ ಶೋಕಿಯನ್ನೂ ಬೇರೆ ಮಾಡುತ್ತಾರೆ. 2007ರ ಜುಲೈನಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯ ನಿರ್ಧಾರವೂ ಇದೇ ದಾರಿಯದು. ಹುಟ್ಟಿನಿಂದ ಬಂದ ವಿಕಾರ, ಅಪಘಾತ, ಸುಟ್ಟಗಾಯ, ರೋಗದಿಂದಾದ ಊನ, ದೇಹಕ್ಕೋ ಮನಸ್ಸಿಗೋ ನಿಜವಾದ ತೊಂದರೆ ಕೊಡುವ ಕುರೂಪ ಇವನ್ನು ಸರಿಪಡಿಸುವುದು ಚಿಕಿತ್ಸೆ. ಸಹಜವಾಗಿರುವ ಮುಖವನ್ನು ಬರೀ ಆಸೆಗೋ ಇನ್ನೊಬ್ಬರ ಅನುಕರಣೆಗೋ ಬದಲಾಯಿಸುವುದು ಸರಿಯಲ್ಲ. ನಿಮ್ಮ ಮನೆಯ ವಿಷಯ ಯಾವ ಕಡೆಗೆ ಸೇರುತ್ತದೆ ಎಂದು ಅನುಮಾನ ಬಂದರೆ ಆಪರೇಷನ್ನಿಗೆ ಮೊದಲೇ ಬಲ್ಲ ಆಲಿಮರನ್ನು ಕೇಳಿ.

ಅಸಮಾಧಾನ ಮೂರು ಬಗೆ

ಮೂಗಿನ ಆಪರೇಷನ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಸಮಾಧಾನದಿಂದಲೇ ಇರುತ್ತಾರೆ ಎಂಬುದನ್ನು ಒಪ್ಪಬೇಕು. ಆದರೆ ಮುಖದ ಸೌಂದರ್ಯ ಚಿಕಿತ್ಸೆಗಳಲ್ಲಿ ಅತ್ಯಂತ ಕಷ್ಟದ್ದು ಇದೇ ಎಂದು ಶಸ್ತ್ರವೈದ್ಯರೇ ಹೇಳುತ್ತಾರೆ. ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಎರಡನೆಯ ಆಪರೇಷನ್ ಬೇಕಾಗಬಹುದು ಎಂಬುದು ವೈದ್ಯರಲ್ಲಿ ಸಾಮಾನ್ಯವಾಗಿ ಇರುವ ಲೆಕ್ಕ. ಅಸಮಾಧಾನಗೊಂಡವರ ದೂರನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಅವಸರದ ಅಸಮಾಧಾನ. ಆಪರೇಷನ್ ಆದ ಮೂಗು ಊದಿಕೊಂಡಿರುತ್ತದೆ. ಕಣ್ಣಿನ ಸುತ್ತಲ ಕಪ್ಪು ಎರಡು ಮೂರು ವಾರಗಳಲ್ಲಿ ಹೋಗುತ್ತದೆ. ಆದರೆ ಮೂಗಿನ ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ನಮ್ಮಲ್ಲಿ ಅನೇಕರ ಮೂಗಿನ ಚರ್ಮ ದಪ್ಪ. ದಪ್ಪ ಚರ್ಮದಲ್ಲಿ ಊತ ಇನ್ನೂ ನಿಧಾನವಾಗಿ ಇಳಿಯುತ್ತದೆ. ಒಳಗಿನ ಮೃದುವಾದ ಎಲುಬನ್ನು ಎಷ್ಟೇ ನಾಜೂಕಾಗಿ ಕೆತ್ತಿದರೂ ಹೊರಗೆ ಅಷ್ಟು ಕಾಣುವುದಿಲ್ಲ. ದಪ್ಪ ಕಂಬಳಿ ಹೊದಿಸಿದ ಕುರ್ಚಿಯ ಕೆತ್ತನೆ ಕಾಣುವುದೇ? ಮೂರನೆಯ ವಾರದಲ್ಲಿ ಅಳುತ್ತಿರುವ ನಮ್ಮ ಪಾಲಾರ್‌ನ ಹುಡುಗಿಗೆ ಈ ಮಾತನ್ನು ಮೊದಲೇ ಹೇಳಿದ್ದರೆ ಅರ್ಧ ಅಳು ನಿಲ್ಲುತ್ತಿತ್ತು.

ಎರಡನೆಯದು ನಿಜವಾದ ಕೆಡುಕು. ಮೂಗು ಬರೀ ಮುಖದ ಅಲಂಕಾರವಲ್ಲ, ಉಸಿರಿನ ಬಾಗಿಲು. ಒಳಗಿನ ಮೃದು ಎಲುಬನ್ನು ಹೆಚ್ಚು ತೆಗೆದರೆ ಉಸಿರೆಳೆದಾಗ ಹೊಳ್ಳೆಗಳು ಒಳಕ್ಕೆ ಅಂಟಿಕೊಳ್ಳುತ್ತವೆ. ನಡುಗೋಡೆಯಲ್ಲಿ ತೂತು ಬಿದ್ದರೆ ಉಸಿರಾಡುವಾಗ ಸೀಟಿಯಂಥ ಸದ್ದು ಬರುತ್ತದೆ, ರಕ್ತ ಒಸರುತ್ತದೆ. ಆಧಾರ ಕುಸಿದರೆ ಮೂಗಿನ ದಿಂಡು ಕುದುರೆಯ ಜೀನಿನಂತೆ ತಗ್ಗಾಗುತ್ತದೆ. ಹೆಸರುವಾಸಿಯಾದವರಿಗೂ ಇದು ತಪ್ಪಿಲ್ಲ. 2000ದಲ್ಲಿ ವಿಶ್ವಸುಂದರಿಯಾದ ಪ್ರಿಯಾಂಕಾ ಚೋಪ್ರಾ 2021ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಇಂಥದೇ ಅನುಭವ ಬರೆದುಕೊಂಡಿದ್ದಾರೆ. ಅವರು ಮೂಗು ತಿದ್ದಿಸಿಕೊಳ್ಳಲು ಹೋದವರಲ್ಲ. ಮೂಗಿನೊಳಗೆ ಬೆಳೆದಿದ್ದ ಗೆಡ್ಡೆ ತೆಗೆಸಲು ಹೋಗಿದ್ದರು. ಕೈತಪ್ಪಿನಿಂದ ಮೂಗಿನ ದಿಂಡೇ ಕುಸಿಯಿತು. ಕನ್ನಡಿಯಲ್ಲಿ ತನ್ನದಲ್ಲದ ಮುಖ ಕಂಡು ಕುಗ್ಗಿಹೋದರು, ಮತ್ತೆ ಸರಿಪಡಿಸಿಕೊಳ್ಳಲು ಇನ್ನಷ್ಟು ಆಪರೇಷನ್ ಬೇಕಾಯಿತು.

ಸೌಂದರ್ಯದ ಆಸೆಗೆ ಜೀವವೇ ಹೋದದ್ದೂ ಉಂಟು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ 21 ವರ್ಷದ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡರು. ಅದು ಮೂಗಿನ ಚಿಕಿತ್ಸೆಯಲ್ಲ. ಆದರೆ 'ಸಣ್ಣ ಆಪರೇಷನ್' ಎಂಬ ಮಾತನ್ನು ನಂಬುವ ಮೊದಲು ನೆನಪಿಡಬೇಕಾದ ಸಂಗತಿ.

ಮೂರನೆಯದು ಮನಸ್ಸಿನ ಅಸಮಾಧಾನ. ಇದು ಎಲ್ಲಕ್ಕಿಂತ ಕಷ್ಟದ್ದು. ಬೆಲ್ಜಿಯಮ್‌ನ ಲುವೆನ್ ನಗರದ ವೈದ್ಯರು ಮೂಗಿನ ಚಿಕಿತ್ಸೆ ಕೇಳಿ ಬಂದ 266 ಮಂದಿಯನ್ನು ಪರೀಕ್ಷಿಸಿ 2011ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ ಶೇ. 33ರಷ್ಟು ಮಂದಿಗೆ ತಮ್ಮ ರೂಪದ ಬಗ್ಗೆ ಮಿತಿಮೀರಿದ, ಬಿಡಲಾಗದ ಕೊರಗಿನ ಲಕ್ಷಣಗಳಿದ್ದವು. ಕೊರಗಿನ ಪ್ರಮಾಣಕ್ಕೂ ಮೂಗಿನ ನಿಜವಾದ ಆಕಾರಕ್ಕೂ ಸಂಬಂಧವೇ ಇರಲಿಲ್ಲ. ಇತರರ ಕಣ್ಣಿಗೆ ಕಾಣದ ಊನ ಅವರ ಕಣ್ಣಿಗೆ ಕಾಣುತ್ತಿತ್ತು. ಇಂಥವರಿಗೆ ಎಷ್ಟು ಆಪರೇಷನ್ ಮಾಡಿದರೂ ತೃಪ್ತಿ ಸಿಗುವುದು ಅಪರೂಪ. ಮೂಗು ಸರಿಯಾದರೆ ಗಲ್ಲ, ಗಲ್ಲ ಸರಿಯಾದರೆ ತುಟಿ. ಇವರಿಗೆ ಬೇಕಾದದ್ದು ಮಾನಸಿಕ ಚಿಕಿತ್ಸೆ. ಅದು ಇದೆ, ಗುಣವೂ ಆಗುತ್ತದೆ.

ನಿಮ್ಮ ಮಗಳು ಮೊಬೈಲ್ ಫೋಟೋ ತೋರಿಸಿ "ನೋಡಿ ಅಮ್ಮಿ, ಎಷ್ಟು ದೊಡ್ಡ ಮೂಗು" ಎಂದರೆ ಈ ಒಂದು ಲೆಕ್ಕ ಹೇಳಿ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ ಪ್ರಕಾರ, 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ತಪ್ಪು ಮೂಗಿನದಲ್ಲ, ಚಾಚಿದ ಕೈಯದು.

ಹೋಗುವ ಮೊದಲು

ನಿಜವಾದ ಅಗತ್ಯವೇ ಇದೆ ಎಂದುಕೊಳ್ಳಿ. ಸೀಳುತುಟಿಯೊಂದಿಗೆ ಬಂದ ಓರೆ ಮೂಗು, ಬೈಕಿನಿಂದ ಬಿದ್ದು ಮುರಿದ ಮೂಗು, ನಡುಗೋಡೆ ವಾಲಿ ಉಸಿರು ಕಟ್ಟುವ ಮೂಗು. ಆಗ ಮೊದಲು ಸರಕಾರಿ ವೈದ್ಯಕೀಯ ಕಾಲೇಜಿನ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ. ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ಬರೀ ಅಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ಆಯುಷ್ಮಾನ್ ಕಾರ್ಡ್ ನಡೆಯುವುದಿಲ್ಲ, ಸಾಮಾನ್ಯವಾಗಿ ಖಾಸಗಿ ವಿಮೆಯೂ ಸಿಗುವುದಿಲ್ಲ.

ಡಾಕ್ಟರ ಮುಂದೆ ಕುಳಿತಾಗ ನಾಚಿಕೊಳ್ಳದೆ ಕೇಳಿ:

ನೀವು ಓದಿದ್ದು ಏನು? ಪ್ಲಾಸ್ಟಿಕ್ ಸರ್ಜರಿಯಲ್ಲೋ ಕಿವಿ-ಮೂಗು-ಗಂಟಲಿನಲ್ಲೋ? ಆಪರೇಷನ್ ಮಾಡುವವರು ನೀವೇನಾ?

ನನ್ನ ಮೂಗಿನ ಚರ್ಮಕ್ಕೆ ಎಷ್ಟು ಬದಲಾವಣೆ ಸಾಧ್ಯ? ಯಾವುದು ಸಾಧ್ಯವಿಲ್ಲ?

ಉಸಿರಾಟಕ್ಕೆ ತೊಂದರೆ ಬರಬಹುದೇ? ಅರಿವಳಿಕೆ ಕೊಡುವ ತಜ್ಞರು ಇರುತ್ತಾರೆಯೇ?

ಸರಿಹೋಗದಿದ್ದರೆ ಎರಡನೆಯ ಆಪರೇಷನ್ನಿನ ಖರ್ಚು ಯಾರದು?

ನಮ್ಮ ಹೆಣ್ಣುಮಕ್ಕಳು ಕೇಳಬೇಕಾದ ಇನ್ನೂ ಕೆಲವು ಪ್ರಶ್ನೆಗಳಿವೆ. ವುಝೂ ಮಾಡುವಾಗ ಮೂಗಿಗೆ ನೀರೇರಿಸುವುದನ್ನು ಎಷ್ಟು ದಿನ ನಿಲ್ಲಿಸಬೇಕು? ಮೊದಲ ದಿನಗಳಲ್ಲಿ ತಲೆ ಬಗ್ಗಿಸಬಾರದೆಂದು ವೈದ್ಯರು ಹೇಳುತ್ತಾರೆ. ಹಾಗಾದರೆ ಸುಜೂದ್ ಹೇಗೆ? ರೋಗಿಗೆ ಕುಳಿತು ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿ ಇದೆ. ನಿಖಾಬಿನ ಬಟ್ಟೆಯೂ ಕನ್ನಡಕವೂ ಮೂಗಿನ ಮೇಲೆ ಒತ್ತದಂತೆ ಎಷ್ಟು ವಾರ ನೋಡಿಕೊಳ್ಳಬೇಕು ಎಂಬುದನ್ನೂ ಕೇಳಿಕೊಳ್ಳಿ. ಮೂಗುತಿಯ ವಿಷಯವೂ ಹಾಗೆಯೇ.

ಬ್ಯೂಟಿ ಪಾರ್ಲರಿನಲ್ಲಿ 'ಕೊಯ್ಯದೆ, ಒಂದೇ ಸೂಜಿಯಿಂದ' ಮೂಗು ಎತ್ತರಿಸುತ್ತೇವೆ ಎನ್ನುವವರ ಬಳಿ ಹೋಗಲೇಬೇಡಿ. ಚುಚ್ಚಿದ ವಸ್ತು ರಕ್ತನಾಳಕ್ಕೆ ಹೋದರೆ ಚರ್ಮ ಕೊಳೆಯಬಹುದು, ಕಣ್ಣು ಶಾಶ್ವತವಾಗಿ ಹೋಗಬಹುದು.

ಆದ ಮೇಲೆ ಸರಿಯಿಲ್ಲ ಎನಿಸಿದರೆ

ನಿಲ್ಲದ ರಕ್ತ, ಜ್ವರ, ಕೀವು, ಎರಡೂ ಹೊಳ್ಳೆ ಕಟ್ಟಿ ಹೆಚ್ಚುತ್ತಿರುವ ನೋವು, ನೀರಿನಂಥ ತಿಳಿ ದ್ರವ ಸುರಿಯುವುದು, ಕಣ್ಣು ಮಂಜಾಗುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಡುಗೋಡೆಯಲ್ಲಿ ರಕ್ತ ಕಟ್ಟಿಕೊಂಡರೆ ಕೂಡಲೇ ಹೊರತೆಗೆಯಬೇಕು, ಇಲ್ಲದಿದ್ದರೆ ಮೃದು ಎಲುಬು ಕರಗಿ ಮೂಗು ಕುಸಿಯುತ್ತದೆ. ಬೆಟ್ಟದಾಚೆಯ ಹಳ್ಳಿಗಳವರು ಮೊದಲ ವಾರವಾದರೂ ಆಸ್ಪತ್ರೆ ಇರುವ ಊರಿನಲ್ಲಿ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು.

ಅಂಥದ್ದೇನೂ ಇಲ್ಲ, ಆಕಾರವೇ ಇಷ್ಟವಿಲ್ಲ ಎಂದಾದರೆ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ದೂರದಿಂದ ಒಂದು ಫೋಟೋ ತೆಗೆದಿಡಿ. ದಿನಕ್ಕೆ ಹತ್ತು ಸಲ ಕನ್ನಡಿ ನೋಡಬೇಡಿ. ಒಂದು ವರ್ಷ ತುಂಬುವ ಮೊದಲು ಎರಡನೆಯ ಆಪರೇಷನ್ನಿಗೆ ಅವಸರಿಸಬೇಡಿ. ಮಾಡಿದ ವೈದ್ಯರೊಂದಿಗೆ ಜಗಳವಾಡುವ ಮೊದಲು ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಊಟ, ನಿದ್ದೆ ಬಿಟ್ಟು ಮುಖದ್ದೇ ಚಿಂತೆಯಾದರೆ ಸರಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ವೈದ್ಯರ ಅಲಕ್ಷ್ಯದಿಂದಲೇ ಕೆಟ್ಟಿದೆ ಎಂದಾದರೆ ಕಾನೂನು ನಿಮ್ಮೊಂದಿಗಿದೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ ಎಂದು 2008ರಲ್ಲಿ ಹೇಳಿದೆ. ಆದರೆ 'ನನಗೆ ಇಷ್ಟವಾಗಲಿಲ್ಲ' ಎಂಬುದಷ್ಟೇ ಅಲಕ್ಷ್ಯವಲ್ಲ. ವೈದ್ಯರು ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ ಎಂದು ತೋರಿಸಬೇಕು. ಅದಕ್ಕೆ ಕಾಗದ ಬೇಕು. ಕೇಳಿದ 72 ಗಂಟೆಯೊಳಗೆ ವೈದ್ಯರು ದಾಖಲೆ ಕೊಡಬೇಕೆಂಬ ನಿಯಮ 2002ರಿಂದ ಇದೆ. ಬರೆದು ಕೇಳಿ. ರಸೀದಿ, ಒಪ್ಪಿಗೆ ಪತ್ರ, ಮೊದಲಿನ ಮತ್ತು ನಂತರದ ಫೋಟೋ ಜೋಪಾನವಾಗಿಡಿ.

ಆಪರೇಷನ್ ಬೇರೆ ಊರಿನಲ್ಲೋ ಬೇರೆ ರಾಜ್ಯದಲ್ಲೋ ಆಗಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಹನೂರು, ಕೊಳ್ಳೇಗಾಲ, ಯಳಂದೂರಿನವರಿಗೆ ಅದು ಚಾಮರಾಜನಗರ ಜಿಲ್ಲೆ. ಸಾಮಾನ್ಯವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಕೊನೆಯ ಮಾತು ತಾಯಂದಿರಿಗೆ

ಮತ್ತೆ ಪಾಲಾರ್‌ನ ಆ ಮನೆಗೆ ಬನ್ನಿ. ಯಾರು ಸರಿ ಎಂದು ಕೇಳಿದ್ದೆವು. ಡಾಕ್ಟರು ಸರಿಯಿರಬಹುದು, ಅಮ್ಮಿಯೂ ಸರಿಯಿರಬಹುದು. ಆದರೆ ಹುಡುಗಿಯ ಅಳು ಸುಳ್ಳಲ್ಲ. ಆಕೆ ಕೇಳಿದ್ದು ಮೂಗನ್ನಲ್ಲ, 'ನೀನು ಸರಿಯಾಗಿದ್ದೀಯ' ಎಂಬ ಮಾತನ್ನು. ಆ ಮಾತನ್ನು ಯಾವ ಆಸ್ಪತ್ರೆಯೂ ಮಾರುವುದಿಲ್ಲ.

ಆ ಸಂಬಂಧ ಕೂಡಿಬಂದರೂ ನಾಳೆ ಅದೇ ಖಾಲಾ ಬಣ್ಣದ ಬಗ್ಗೆಯೋ ಎತ್ತರದ ಬಗ್ಗೆಯೋ ಮಾತಾಡುವುದಿಲ್ಲವೆಂದು ಏನು ಖಾತ್ರಿ? ಮೂಗಿರುವ ತನಕ ನೆಗಡಿ ತಪ್ಪದು ಎನ್ನುವಂತೆ, ಹೆಣ್ಣು ನೋಡುವ ಶಾಸ್ತ್ರ ಇರುವ ತನಕ ಇಂಥ ಮಾತುಗಳೂ ತಪ್ಪುವುದಿಲ್ಲ. ಅವುಗಳಿಗೆ ಉತ್ತರವಾಗಿ ಮಗಳ ಮುಖವನ್ನು ಒಪ್ಪಿಸಬೇಡಿ.

ಮಗನಿಗೆ ಹುಡುಗಿ ನೋಡಲು ಹೊರಟ ಸಹೋದರಿಯರೇ, ಹೊಸ್ತಿಲು ದಾಟುವಾಗ ಒಂದು ಗಳಿಗೆ ನಿಲ್ಲಿ. ಚಹಾ ಕುಡಿದು ಎದ್ದು ಬರುವಾಗ ನೀವು ಹಗುರವಾಗಿ ಬಿಟ್ಟುಬಂದ ಒಂದು ಮಾತು, ನೀವು ಮರೆತ ಮೇಲೂ ಆ ಮನೆಯ ಕನ್ನಡಿಯಲ್ಲಿ ಉಳಿಯುತ್ತದೆ. ಹುಡುಗಿಯ ತಾಯಂದಿರೇ, ನೀವು ಹೇಳಬೇಕಾದದ್ದು ಇಷ್ಟೇ: "ಬೇಟಿ, ಈ ಮೂಗು ನಿನ್ನ ನಾನಿಯದು. ಆಕೆ ಈ ಮೂಗಿನಲ್ಲೇ ತಲೆ ಎತ್ತಿ ಬಾಳಿದಳು." ಉಸಿರಿಗೆ ತೊಂದರೆಯಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಇಲ್ಲದಿದ್ದರೆ ಅಡವಿಗೆ ಹೋಗಬೇಕಿದ್ದ ಆ ಬಳೆಯನ್ನು ಮಗಳ ಓದಿಗೆ ಎತ್ತಿಡಿ.